ಬೆಳೆಯುವ ಮಕ್ಕಳ ಹಸಿವಿಗೆ ನಾಚಿಕೆ ಯಾಕೆ?

ಹದಿನೈದು ವರ್ಷದ ಹುಡುಗಿಗೆ ಅವಳ ಅಮ್ಮನಿಗಿಂತ ಜಾಸ್ತಿ ಊಟ ಬೇಕು. ಹದಿನೇಳರ ಹುಡುಗನಿಗೆ ಅಪ್ಪನಿಗಿಂತ ಜಾಸ್ತಿ ಬೇಕು. ಸುಮ್ನೆ ಹೇಳ್ತಿಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೊರತಂದ ಪಟ್ಟಿ ತೆಗೆದು ನೋಡಿ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400 ಕ್ಯಾಲೊರಿ ಬೇಕು ಅಂತಿದೆ. 16ರಿಂದ 18ರವಳಿಗೆ 2500. ಕೂತು ಕೆಲಸ ಮಾಡುವ ದೊಡ್ಡ ಹೆಂಗಸಿಗೆ 1660 ಸಾಕು. ಹುಡುಗರದ್ದು ಇನ್ನೂ ಜಾಸ್ತಿ. 16ರಿಂದ 18ರ ಹುಡುಗನಿಗೆ 3320, ಆಫೀಸಿನಲ್ಲಿ ಕೂರುವ ಅವನಪ್ಪನಿಗೆ 2110. ಅಂದರೆ ಮನೆಯಲ್ಲಿ ಎಲ್ಲರಿಗಿಂತ ತುಂಬಿದ ತಟ್ಟೆ ಹೈಸ್ಕೂಲಿಗೋ ಪಿಯುಸಿಗೋ ಹೋಗುವ ಮಗುವಿನದ್ದೇ ಆಗಿರಬೇಕು.

ಆಗಿರುತ್ತಾ? ನಾನು ಹಾಸನದ ಕಡೆಯ ಒಂದು ಊರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು. ನಮ್ಮದು ಅನುದಾನಿತ ಶಾಲೆ, ಬಿಸಿಯೂಟ ಇದೆ, ಮನೆಯಿಂದ ಡಬ್ಬಿ ತರುವವರೂ ಇದ್ದಾರೆ. ಮಧ್ಯಾಹ್ನ ಮಕ್ಕಳ ಜೊತೆಯೇ ಕೂತು ತಿನ್ನುವುದು ನನಗೆ ಅಭ್ಯಾಸ. ಆ ಅರ್ಧ ಗಂಟೆಯಲ್ಲಿ ಕಾಣುವುದೇ ಬೇರೆ. ಎಂಟನೇ ಕ್ಲಾಸಿನವರು ಡಬ್ಬಿ ತೆಗೆದ ತಕ್ಷಣ ಒಬ್ಬರದ್ದಕ್ಕೆ ಇನ್ನೊಬ್ಬರು ಕೈ ಹಾಕುತ್ತಾರೆ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಎಷ್ಟೋ ಹುಡುಗಿಯರು ಡಬ್ಬಿಯ ಮುಚ್ಚಳವನ್ನು ಎಡಗೈಯಲ್ಲಿ ಅಡ್ಡ ಹಿಡಿದು ತಿನ್ನಲು ಕಲಿತಿರುತ್ತಾರೆ. ಯಾರಿಂದ ಅಡ್ಡ ಅಂದರೆ, ಎದುರಿಗೆ ಕೂತವರ ಕಣ್ಣಿನಿಂದ. ಏನು ತಂದಿದ್ದೀನಿ, ಎಷ್ಟು ತಂದಿದ್ದೀನಿ ಅನ್ನುವುದು ಕಾಣಬಾರದು.

ಕಳೆದ ವರ್ಷ ಒಬ್ಬಳು ಹುಡುಗಿ ಇದ್ದಳು. ಚುರುಕಾದ ಹುಡುಗಿ, ಥ್ರೋಬಾಲ್ ಟೀಮಿನಲ್ಲಿದ್ದವಳು. ಚಿತ್ರಾನ್ನದ ಡಬ್ಬಿ ತೆಗೆದರೆ ಮೊದಲು ಕಡಲೆಬೀಜ ಎಲ್ಲಾ ಆರಿಸಿ ಮೂಲೆಗೆ ತಳ್ಳುತ್ತಿದ್ದಳು. ಆಮೇಲೆ ಸಾಸಿವೆ, ಕಡಲೆಬೇಳೆ. ಆಮೇಲೆ ಅನ್ನವನ್ನು ಅಗಲ ಮಾಡಿ, ಅಷ್ಟಷ್ಟೇ ಎರಡು ಬೆರಳಲ್ಲಿ ತೆಗೆದು, ಬೆಲ್ ಹೊಡೆಯುವವರೆಗೂ ತಿನ್ನುತ್ತಲೇ ಇರುತ್ತಿದ್ದಳು. ಡಬ್ಬಿ ಮಾತ್ರ ಖಾಲಿ ಆಗುತ್ತಿರಲಿಲ್ಲ. ಯಾಕಮ್ಮಾ ಅಂದರೆ "ಗ್ಯಾಸ್ಟ್ರಿಕ್ ಮಿಸ್" ಅನ್ನುತ್ತಿದ್ದಳು. ನಮ್ಮೂರಲ್ಲಿ ಆ ಒಂದು ಮಾತು ಹೇಳಿದರೆ ಮುಗೀತು, ಯಾರೂ ಮುಂದಕ್ಕೆ ಕೇಳುವುದಿಲ್ಲ, ಎಲ್ಲರ ಮನೆಯಲ್ಲೂ ಒಬ್ಬರಿಗೆ ಗ್ಯಾಸ್ಟ್ರಿಕ್ ಇದ್ದೇ ಇರುತ್ತೆ.

ಅವಳ ಅಮ್ಮನಿಂದ ಆಮೇಲೆ ಗೊತ್ತಾಯಿತು, ಮನೆಯಲ್ಲಿ ಇನ್ನೊಂದು ಶುರುವಾಗಿತ್ತು. ಸೋಮವಾರ ಉಪವಾಸ. ಆಮೇಲೆ ಶನಿವಾರ ಒಪ್ಪತ್ತು. ಆಮೇಲೆ ಸಂಕಷ್ಟಿ, ಏಕಾದಶಿ. ಅಜ್ಜಿಗೆ ಖುಷಿಯೋ ಖುಷಿ, ಈ ಕಾಲದಲ್ಲೂ ನಮ್ಮ ಮೊಮ್ಮಗಳಿಗೆ ಎಂಥಾ ಭಕ್ತಿ ನೋಡಿ ಅಂತ ಬಂದವರಿಗೆಲ್ಲಾ ಹೇಳುತ್ತಿದ್ದರು. ಉಪವಾಸದ ಬಗ್ಗೆ ನನಗೆ ಗೌರವ ಇದೆ, ನಮ್ಮ ಮನೆಯಲ್ಲೂ ಮಾಡುತ್ತೇವೆ. ಆದರೆ ಇಲ್ಲೊಂದು ಕಣ್ಣಿಡಬೇಕಾದ ವಿಷಯ ಇದೆ. ಊಟ ಬಿಡಬೇಕು ಅಂತ ಹೊರಟ ಮಗುವಿಗೆ ನಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಮರೆ ಸಿಗುವುದಿಲ್ಲ. ಬೈಯುವವರಿಲ್ಲ, ಹೊಗಳುವವರೇ ಎಲ್ಲ. ಉಪವಾಸ ಮುಗಿದ ಮೇಲೂ ಅವಲಕ್ಕಿ, ಸಬ್ಬಕ್ಕಿ, ಹಣ್ಣು ಯಾವುದೂ ಮುಟ್ಟದೆ ಎದ್ದು ಹೋದರೆ ಅಲ್ಲಿ ಬೇರೆ ಏನೋ ನಡೀತಿದೆ.

ಈ ವಯಸ್ಸಿನಲ್ಲಿ ಮೈ ಮಾಡುವ ಕೆಲಸ ಸಣ್ಣದಲ್ಲ. ದೊಡ್ಡವರಾದ ಮೇಲೆ ಇರುವ ತೂಕದ ಹತ್ತಿರ ಹತ್ತಿರ ಅರ್ಧ ಈ ಕೆಲವೇ ವರ್ಷಗಳಲ್ಲಿ ಬರುತ್ತದೆ. ಹುಡುಗಿಯರ ಮೂಳೆ 18 ವರ್ಷದೊಳಗೇ ಶೇ 90ರಷ್ಟು ಗಟ್ಟಿಯಾಗಿಬಿಡುತ್ತದೆ, ಆಮೇಲೆ ಎಷ್ಟು ಹಾಲು ಕುಡಿದರೂ ರಾಗಿ ತಿಂದರೂ ಹಳೆಯ ಬಾಕಿ ಪೂರ್ತಿ ತೀರುವುದಿಲ್ಲ. ಎಷ್ಟೋ ಮಕ್ಕಳು ಉದ್ದ ಆಗುವ ಮುಂಚೆ ಸ್ವಲ್ಪ ಅಗಲ ಆಗುತ್ತಾರೆ. ಹುಡುಗಿಯರಿಗೆ ಸೊಂಟ, ತೊಡೆ, ಎದೆಯ ಕಡೆ ಕೊಬ್ಬು ಸೇರುತ್ತದೆ, ಸೇರಲೇಬೇಕು. ಮುಟ್ಟು ಶುರುವಾಗುವುದಕ್ಕೆ, ತಿಂಗಳು ತಿಂಗಳು ಸರಿಯಾಗಿ ಬರುವುದಕ್ಕೆ ಮೈಯಲ್ಲಿ ಆ ಕೊಬ್ಬು ಇರಬೇಕು. ಮನೆ ಕಟ್ಟುವಾಗ ಸಿಮೆಂಟು ಜಾಸ್ತಿ ಖರ್ಚಾಗುತ್ತಿದೆ ಅಂತ ಅರ್ಧಕ್ಕೆ ನಿಲ್ಲಿಸುತ್ತೀವಾ?

ಹಿಂದಿನವರಿಗೆ ಇದು ಗೊತ್ತಿತ್ತು. ಹುಡುಗಿ ದೊಡ್ಡವಳಾದಾಗ ಕೂರಿಸಿ, ಆರತಿ ಎತ್ತಿ, ಚಿಗಳಿ ಕೊಡುತ್ತಿದ್ದರು, ಕೊಬ್ಬರಿ ಬೆಲ್ಲ ಕೊಡುತ್ತಿದ್ದರು, ತುಪ್ಪ ಹಾಕಿ ಬಡಿಸುತ್ತಿದ್ದರು. ಈಗಲೂ ಎಷ್ಟೋ ಮನೆಗಳಲ್ಲಿ ಕೊಡುತ್ತಾರೆ. ನನಗೆ ಅರ್ಥವಾಗದೇ ಇರುವುದು ಏನಂದರೆ, ಅವತ್ತು ಬಾಯಿಗೆ ಇಟ್ಟು ತಿನ್ನಿಸಿದ ಅದೇ ಅತ್ತೆ, ಅದೇ ಚಿಕ್ಕಮ್ಮ, ಎರಡು ವರ್ಷ ಆದ ಮೇಲೆ ಗೃಹಪ್ರವೇಶದ ಪಂಕ್ತಿಯಲ್ಲಿ ಎಲ್ಲರ ಎದುರಿಗೆ "ಏನೇ ಹಿಂಗೆ ಊದ್ಕೊಂಡಿದೀಯ? ಸ್ವೀಟ್ ಬಿಡೇ ಇನ್ನ" ಅನ್ನುತ್ತಾರಲ್ಲ, ಅದು. ಪಕ್ಕದಲ್ಲಿ ಇನ್ನೊಬ್ಬರು "ಅಮ್ಮ ಮಗಳು ಅಕ್ಕ ತಂಗಿ ಥರ ಕಾಣ್ತೀರ" ಅಂತಾರೆ. ಅಮ್ಮನಿಗೆ ಖುಷಿ, ಮಗಳಿಗೆ ತಟ್ಟೆಯಲ್ಲಿರುವ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಸಣ್ಣ ಇರುವ ಮಕ್ಕಳಿಗೂ ಬಿಡುಗಡೆ ಇಲ್ಲ. "ಕಡ್ಡಿ ಪೈಲ್ವಾನ್ ಬಂದ ನೋಡು", "ಮನೇಲಿ ಊಟ ಹಾಕಲ್ವೇನೋ ನಿಂಗೆ", "ಗಾಳಿ ಬಂದ್ರೆ ಹಾರ್ಕೊಂಡು ಹೋಗ್ತೀಯ ನೋಡ್ಕೋ". ಇದನ್ನು ಹೇಳುವವರು ಕೆಟ್ಟವರಲ್ಲ, ಬಹಳ ಸಲ ಪ್ರೀತಿಯಿಂದಲೇ ಹೇಳುತ್ತಾರೆ, ಮಾತಾಡಿಸುವುದಕ್ಕೆ ಬೇರೆ ಏನೂ ತೋಚದೆ ಹೇಳುತ್ತಾರೆ. ಆದರೆ ಮಗು ಮನೆಗೆ ಹೋಗಿ ಕನ್ನಡಿ ಮುಂದೆ ನಿಲ್ಲುವಾಗ ಅದರಲ್ಲಿದ್ದ ಪ್ರೀತಿ ನೆನಪಿರುವುದಿಲ್ಲ, ಮಾತು ಮಾತ್ರ ನೆನಪಿರುತ್ತದೆ.

ಶಾಲೆಗಳದ್ದೂ ಕಡಿಮೆ ಏನಿಲ್ಲ. ಆರೋಗ್ಯ ತಪಾಸಣೆ ಅಂತ ತೂಕದ ಮೆಷಿನ್ನು ತಂದು ವರಾಂಡದಲ್ಲಿ ಇಟ್ಟು ಸಾಲಾಗಿ ನಿಲ್ಲಿಸುತ್ತಾರೆ. ಒಬ್ಬರು ತೂಕ ನೋಡಿ ಗಟ್ಟಿಯಾಗಿ ಕೂಗುವುದು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಬರೆಯುವುದು. "68!" ಅಂತ ಕೂಗಿದ ಕೂಡಲೇ ಹಿಂದಿನ ಸಾಲಿನಿಂದ ನಗು. ಆ ವರ್ಷ ಪೂರ್ತಿ ಆ ಮಗುವಿಗೆ ಆ ಸಂಖ್ಯೆಯೇ ಹೆಸರು. ನಾನು ಬೇರೆ ಬೇರೆ ಕಡೆ ನೋಡಿದ್ದೀನಿ, ಮಕ್ಕಳು ಮೆಷಿನ್ ಹತ್ತುವ ಮುಂಚೆ ಬೆಲ್ಟು ಬಿಚ್ಚುತ್ತಾರೆ, ಶೂ ಬಿಚ್ಚುತ್ತಾರೆ, ಒಬ್ಬಳು ಕೈಯಲ್ಲಿದ್ದ ಬಳೆ, ಜಡೆಯ ಕ್ಲಿಪ್ಪು ಎಲ್ಲಾ ತೆಗೆದು ಗೆಳತಿಗೆ ಕೊಟ್ಟು ಉಸಿರು ಹಿಡಿದು ನಿಂತಿದ್ದಳು. ಅವತ್ತು ಬೆಳಿಗ್ಗೆ ತಿಂಡಿ ತಿನ್ನದೆ ಬಂದವರು ಎಷ್ಟು ಜನ ಅಂತ ಯಾರೂ ಕೇಳಲಿಲ್ಲ.

ಅದರ ಮೇಲೆ ಈಗ ಎಲ್ಲರ ಬಾಯಲ್ಲೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನುವ ಲೆಕ್ಕ. ಮೊಬೈಲಿನಲ್ಲಿ ಎತ್ತರ, ತೂಕ ಹಾಕಿದರೆ ನೀನು ಇಂಥದ್ದು ಅಂತ ಹೇಳಿಬಿಡುತ್ತದೆ. ಆ ಲೆಕ್ಕ ಹಾಕಿದವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ, 1830ರ ಸುಮಾರಿಗೆ. ಅವನು ಡಾಕ್ಟರ್ ಅಲ್ಲ, ನಕ್ಷತ್ರ ಮತ್ತು ಅಂಕಿಅಂಶ ಅವನ ಕ್ಷೇತ್ರ. ಸಾವಿರಾರು ಜನರ ಸರಾಸರಿ ಹಿಡಿಯುವುದು ಅವನಿಗೆ ಬೇಕಿತ್ತು, ಒಬ್ಬ ಹುಡುಗಿ ಆರೋಗ್ಯವಾಗಿದ್ದಾಳಾ ಅಂತ ಹೇಳುವುದು ಅವನ ಉದ್ದೇಶವೇ ಆಗಿರಲಿಲ್ಲ. 18.5ಕ್ಕಿಂತ ಕೆಳಗಿದ್ದರೆ ಸಣ್ಣ, 25ಕ್ಕಿಂತ ಮೇಲಿದ್ದರೆ ದಪ್ಪ ಅಂತ ದೊಡ್ಡವರಿಗೆ ಹಾಕುವ ಗೆರೆಗಳನ್ನು ಬೆಳೆಯುವ ಮಕ್ಕಳಿಗೆ ಹಾಕುವ ಹಾಗೂ ಇಲ್ಲ. ಮಕ್ಕಳಿಗೆ ವಯಸ್ಸು, ಗಂಡೋ ಹೆಣ್ಣೋ ನೋಡಿ ಬೇರೆ ಚಾರ್ಟ್ ಇದೆ, ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ ಐಎಪಿ 2015ರಲ್ಲಿ ಹೊಸದಾಗಿ ಮಾಡಿದ್ದು. ಮಕ್ಕಳ ಡಾಕ್ಟರು ಒಂದು ದಿನದ ತೂಕ ನೋಡಿ ತೀರ್ಮಾನ ಮಾಡುವುದಿಲ್ಲ, ವರ್ಷದಿಂದ ವರ್ಷಕ್ಕೆ ಆ ಮಗು ಯಾವ ಗೆರೆಯಲ್ಲಿ ಬೆಳೆಯುತ್ತಾ ಬಂದಿದೆ ಅಂತ ನೋಡುತ್ತಾರೆ.

ಬಿಎಂಐ ಅನ್ನುವ ಹೆಸರು ಬಂದಿದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರಿಂದ. ಇದೇ ಕೀಸ್ ಅದಕ್ಕೂ ಮುಂಚೆ ಇನ್ನೊಂದು ಕೆಲಸ ಮಾಡಿದ್ದರು. ತಂದೆ ತಾಯಿ ಎಲ್ಲರಿಗೂ ಅದನ್ನು ಹೇಳಬೇಕು ಅನ್ನಿಸುತ್ತೆ ನನಗೆ.

1944ರ ಕೊನೆ. ಯುರೋಪಿನಲ್ಲಿ ಯುದ್ಧ, ಊರೂರು ಹಸಿದಿವೆ. ಹಸಿದವರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯುವುದಕ್ಕೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಕೀಸ್ ಒಂದು ಪ್ರಯೋಗ ಮಾಡಿದರು. 36 ಜನ ಯುವಕರು, ಬಂದೂಕು ಹಿಡಿಯುವುದಿಲ್ಲ ಅಂದು ಬೇರೆ ಸೇವೆಗೆ ಬಂದವರು, ತಾವಾಗಿಯೇ ಒಪ್ಪಿಕೊಂಡು ಸೇರಿದರು. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿ ಇದ್ದವರನ್ನೇ ಆರಿಸಿದ್ದರು. ಮೊದಲು ಮೂರು ತಿಂಗಳು ಸರಿಯಾದ ಊಟ. ಆಮೇಲೆ ಆರು ತಿಂಗಳು ದಿನಕ್ಕೆ ಎರಡೇ ಊಟ, ಆಲೂಗಡ್ಡೆ, ಬ್ರೆಡ್ಡು, ಮ್ಯಾಕರೋನಿ, ಗೆಡ್ಡೆ ಗೆಣಸು, ಒಟ್ಟು ಸುಮಾರು 1570 ಕ್ಯಾಲೊರಿ. ಜೊತೆಗೆ ನಡಿಗೆ, ಕೆಲಸ. ತೂಕದಲ್ಲಿ ಕಾಲು ಭಾಗ ಇಳಿಯುವವರೆಗೆ.

ಮೈ ಇಳಿಯಿತು, ಅದು ಗೊತ್ತಿದ್ದದ್ದೇ. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದರು, ಕೂದಲು ಉದುರಿತು, ಎದ್ದು ನಿಂತರೆ ತಲೆ ಸುತ್ತು, ನಾಡಿ ನಿಧಾನ ಆಯಿತು. ಆದರೆ ಮನಸ್ಸಿಗೆ ಆಗಿದ್ದನ್ನು ಯಾರೂ ಅಷ್ಟು ನಿರೀಕ್ಷಿಸಿರಲಿಲ್ಲ. ಗೆಳೆಯರು ಬೇಡ ಆದರು. ಓದು, ರಾಜಕೀಯ, ಪ್ರೀತಿ ಎಲ್ಲದರಲ್ಲೂ ಆಸಕ್ತಿ ಹೋಯಿತು. ಬೆಳಿಗ್ಗೆಯಿಂದ ರಾತ್ರಿವರೆಗೆ ತಲೆಯಲ್ಲಿ ಊಟ ಒಂದೇ. ಅಡುಗೆ ಗೊತ್ತಿಲ್ಲದ ಗಂಡಸರು ಅಡುಗೆ ಪುಸ್ತಕ ತಂದು ಕಾದಂಬರಿಯ ಹಾಗೆ ಓದಿದರು. ಇದ್ದ ಚೂರು ಊಟವನ್ನು ಸಣ್ಣ ಸಣ್ಣ ತುಂಡು ಮಾಡಿ, ಕಲಸಿ, ನೀರು ಹಾಕಿ, ಎರಡು ಗಂಟೆ ಹೊತ್ತು ತಿಂದರು, ತಟ್ಟೆ ನೆಕ್ಕಿದರು. ಸಿಡುಕು, ಅಳು, ಖಿನ್ನತೆ. ಒಬ್ಬ ಕೊಡಲಿಯಿಂದ ಬೆರಳು ಕಡಿದುಕೊಂಡ. ಮತ್ತೆ ಊಟ ಕೊಡಲು ಶುರು ಮಾಡಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿ ಇಲ್ಲ, ಹೊಟ್ಟೆ ಬಿರಿಯುವಷ್ಟು ತಿಂದೂ ಹಸಿವು ಅನ್ನುತ್ತಿದ್ದರು, ಹೀಗೆ ತಿಂಗಳುಗಟ್ಟಲೆ.

ಇದನ್ನು ಓದಿದಾಗ ನನಗೆ ಆ ಚಿತ್ರಾನ್ನದ ಡಬ್ಬಿಯೇ ಕಣ್ಣ ಮುಂದೆ ಬಂತು. ಎರಡು ಬೆರಳಲ್ಲಿ ಅಷ್ಟಷ್ಟೇ. ನಾವು ಹಟ ಅಂತೀವಿ, ವೈಯಾರ ಅಂತೀವಿ, ಈಗಿನ ಹುಡುಗಿಯರ ಸ್ಟೈಲು ಅಂತೀವಿ. ಹಸಿದ ಮೆದುಳು ಹಾಗೆಯೇ ನಡೆದುಕೊಳ್ಳುತ್ತದೆ, ಗಟ್ಟಿಮುಟ್ಟಾದ ಗಂಡಸರಲ್ಲೂ ಹಾಗೆಯೇ ಆಯಿತು. ಈಗ ಯೂಟ್ಯೂಬಿನಲ್ಲಿ "1200 ಕ್ಯಾಲೊರಿ ಡಯಟ್ ಪ್ಲಾನ್" ಅಂತ ಹಾಕಿ ನೋಡಿ, ಕನ್ನಡದಲ್ಲೇ ಬೇಕಾದಷ್ಟು ಸಿಗುತ್ತವೆ. ಮಿನೆಸೋಟದಲ್ಲಿ ದೊಡ್ಡವರಿಗೆ ಹಸಿವಿನ ಪ್ರಯೋಗಕ್ಕೆ ಕೊಟ್ಟಿದ್ದು 1570. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಗೆ ಬೇಕಾದದ್ದು 2400. ಅವಳು ರೂಮಿನ ಬಾಗಿಲು ಹಾಕಿಕೊಂಡು ನೋಡಿ ಶುರು ಮಾಡುವುದು 1200.

ಆಮೇಲೆ ಏನಾಗುತ್ತೆ ಅಂತ ಮನೆಯಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಹಗಲೆಲ್ಲಾ ಬೇಡ ಬೇಡ ಅಂದ ಮಗು ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಲೈಟು ಹಾಕದೆ ಡಬ್ಬ ತೆಗೆಯುತ್ತದೆ. ಚಕ್ಕುಲಿ, ಬಿಸ್ಕತ್ತು, ಸಕ್ಕರೆ, ಏನು ಸಿಕ್ಕರೆ ಅದು. ಬೆಳಿಗ್ಗೆ ಅಮ್ಮ "ಊಟ ಬೇಡ, ಕುರುಕಲು ಬೇಕಾ? ನಾಲಿಗೆ ಚಪಲ" ಅನ್ನುತ್ತಾರೆ. ಮಗು ನನಗೆ ಕಂಟ್ರೋಲೇ ಇಲ್ಲ ಅಂತ ನಂಬಿ ಇವತ್ತು ಇನ್ನೂ ಕಡಿಮೆ ತಿನ್ನುತ್ತದೆ. ರಾತ್ರಿ ಮತ್ತೆ ಅದೇ. ಕೆಲವರು ತಿಂದಿದ್ದನ್ನು ಬಾಯಿಗೆ ಬೆರಳು ಹಾಕಿ ವಾಂತಿ ಮಾಡುವವರೆಗೂ ಹೋಗುತ್ತಾರೆ. ಇದನ್ನು ಚಪಲ ಅನ್ನಬೇಡಿ. ಹಗಲು ಕೊಡದೆ ಇದ್ದದ್ದನ್ನು ದೇಹ ರಾತ್ರಿ ಕೇಳಿ ಪಡೆಯುತ್ತಿದೆ, ಅಷ್ಟೇ.

ಇದೆಲ್ಲಾ ಸಿಟಿಯ ಶ್ರೀಮಂತರ ಮಕ್ಕಳ ಸಮಸ್ಯೆ, ನಮ್ಮ ಕಡೆ ಎಲ್ಲಿದೆ ಅನ್ನುವವರಿಗೆ ಪೆಸಿಫಿಕ್ ಸಾಗರದ ದ್ವೀಪ ದೇಶ ಫಿಜಿಯ ಕಥೆ ಹೇಳುತ್ತೇನೆ. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ, ಸೊರಗಿದರೆ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಊರು ಆಡಿಕೊಳ್ಳುತ್ತಿತ್ತು. ನಮ್ಮ ಹಳೆಯ ಕಾಲದ ಹಾಗೇ ಅಲ್ವಾ? ನಡ್ರೋಗ ಅನ್ನುವ ಕಡೆಗೆ 1995ರಲ್ಲಿ ಟಿವಿ ಬಂತು. ಹಾರ್ವರ್ಡಿನ ಆನ್ ಬೆಕರ್ ಅನ್ನುವ ವೈದ್ಯೆ ಟಿವಿ ಬಂದ ಹೊಸದರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಶಾಲೆಯ ಹುಡುಗಿಯರನ್ನು ಮಾತಾಡಿಸಿದರು. ಮೊದಲ ಸಲ ತೂಕ ಇಳಿಸಲು ವಾಂತಿ ಮಾಡುತ್ತೇವೆ ಅಂದವರು ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ ಅದು ಶೇ 11 ಆಗಿತ್ತು. ನಾನು ದಪ್ಪ ಅಂತ ಅನ್ನಿಸುತ್ತೆ ಅಂದವರು ಶೇ 74. ಅದು ಮನೆಯ ಒಂದು ಮೂಲೆಯಲ್ಲಿ ಕೂತ ಟಿವಿ. ನಮ್ಮ ಮಕ್ಕಳ ಕೈಯಲ್ಲಿರುವುದು ಅವರ ಮುಖವನ್ನೇ ತೆಳ್ಳಗೆ ಬೆಳ್ಳಗೆ ಮಾಡಿ ತೋರಿಸುವ ಕ್ಯಾಮೆರಾ. ಇನ್‌ಸ್ಟಾಗ್ರಾಂ ನಡೆಸುವ ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಗೆ ಬಂದಾಗ ಅದರಲ್ಲೇ ಬರೆದಿತ್ತು, ಹದಿಹರೆಯದ ಮೂವರಲ್ಲಿ ಒಬ್ಬ ಹುಡುಗಿಗೆ ತನ್ನ ಮೈ ಬಗ್ಗೆ ಇರುವ ಬೇಸರವನ್ನು ನಾವು ಇನ್ನೂ ಜಾಸ್ತಿ ಮಾಡುತ್ತಿದ್ದೇವೆ ಅಂತ.

ಹುಡುಗರ ವಿಷಯ ಯಾರೂ ಕೇಳುವುದಿಲ್ಲ. ಅವರು ಹೇಳುವುದೂ ಇಲ್ಲ. ಪಿಯುಸಿ ಹುಡುಗರು ಜಿಮ್ಮಿಗೆ ಸೇರಿ, ಅನ್ನ ಬಿಟ್ಟು, ಪಾಕೆಟ್ ಮನಿ ಪೂರ್ತಿ ಪ್ರೋಟೀನ್ ಡಬ್ಬಕ್ಕೆ ಹಾಕುತ್ತಾರೆ. ಅಷ್ಟರಲ್ಲೇ ನಿಂತರೆ ಪರವಾಗಿಲ್ಲ. ಬೇಗ ಮೈ ಬರುತ್ತೆ ಅಂತ ಯಾರಾದರೂ ಸ್ಟೆರಾಯ್ಡ್ ಕೈಗೆ ಕೊಟ್ಟರೆ ಮಾತ್ರ ಕಥೆ ಬೇರೆ. ಇನ್ನೂ ಬೆಳೆಯುತ್ತಿರುವ ಹುಡುಗನ ಮೂಳೆಯ ತುದಿ ಅದರಿಂದ ಬೇಗ ಮುಚ್ಚಿಕೊಳ್ಳಬಹುದು, ಅಲ್ಲಿಗೆ ಎತ್ತರ ನಿಂತಿತು. ಸಣಕಲ ಅಂತ ಆಡಿಕೊಂಡ ನಾಲ್ಕು ಜನರಿಗೆ ಉತ್ತರ ಕೊಡಲು ಹೋಗಿ ಹೀಗಾಗುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ನಮ್ಮ ಶಾಲೆಯ ಅದೇ ಬೆಂಚಿನಲ್ಲಿ, ಮೊಟ್ಟೆ ಕೊಡುವ ದಿನ ಮುಂಚೆಯೇ ಓಡಿ ಬಂದು ಸಾಲಿನಲ್ಲಿ ನಿಲ್ಲುವ ಮಕ್ಕಳೂ ಕೂರುತ್ತಾರೆ. ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದ್ದು 2021ರ ಕೊನೆಯಲ್ಲಿ, ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ. ಆಮೇಲೆ ಎಲ್ಲಾ ಕಡೆ, ಹತ್ತನೇ ಕ್ಲಾಸಿನವರೆಗೂ ಬಂತು. ಬೇಡ ಅನ್ನುವವರಿಗೆ ಬಾಳೆಹಣ್ಣು. ಎಷ್ಟು ದೊಡ್ಡ ಕೆಲಸ ಅದು! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59 ಜನಕ್ಕೆ ರಕ್ತಹೀನತೆ. ಇಲ್ಲದೆ ಹಸಿದವಳು ಒಬ್ಬಳು, ಇದ್ದೂ ಹೆದರಿ ಹಸಿದವಳು ಇನ್ನೊಬ್ಬಳು, ಮಧ್ಯಾಹ್ನದ ಮೇಲಿನ ಪೀರಿಯಡ್ಡಿನಲ್ಲಿ ಇಬ್ಬರ ಕಣ್ಣೂ ಒಂದೇ ಥರ ಮುಚ್ಚಿಕೊಂಡು ಬರುತ್ತವೆ. ಮನೆಯಲ್ಲಿ ಇಲ್ಲದ ಹುಡುಗಿ ಕೂಡ ಈಗ ಮೊಟ್ಟೆ ತಿಂದರೆ ದಪ್ಪ ಆಗ್ತೀನಾ ಮಿಸ್ ಅಂತ ಕೇಳಲು ಶುರು ಮಾಡಿದ್ದಾಳೆ. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಆ ಪ್ರಶ್ನೆ ಕೇಳಿದಾಗ.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನು ಮುಚ್ಚಿಡುವುದು ಬೇಡ. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಗೆ ಹೋದ 21 ವರ್ಷದ ಕಿರುತೆರೆ ನಟಿ ವಾಪಸ್ ಬರಲಿಲ್ಲ. ಕಳೆಕಳೆಯಾಗಿದ್ದ ಹುಡುಗಿ. ಅನೊರೆಕ್ಸಿಯಾ ಅನ್ನುವ ಕಾಯಿಲೆ, ಅಂದರೆ ದಪ್ಪ ಆಗುವ ಭಯಕ್ಕೆ ಊಟವನ್ನೇ ಬಿಟ್ಟುಬಿಡುವುದು, ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ಹಾಗಾಗಿ ಕೆಲವು ಗುರುತು ತಿಳಿದಿರಬೇಕು. ಶುರುವಾಗಿದ್ದ ಮುಟ್ಟು ಮೂರು ತಿಂಗಳಿಂದ ನಿಂತಿದೆ, ಎಲ್ಲರಿಗೂ ಸೆಖೆ ಆಗುವಾಗ ಇವಳು ಸ್ವೆಟರ್ ಹಾಕಿದ್ದಾಳೆ, ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಿಂತಲ್ಲೇ ಬೀಳುತ್ತಾಳೆ, ಕೂದಲು ಉದುರುತ್ತಿದೆ, ಊಟ ಆದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಾಳೆ. ಇಂಥದ್ದು ಕಂಡರೆ ದೃಷ್ಟಿ ತೆಗೆದು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ದಪ್ಪ ಇರುವ ಮಗು ಬೇಗ ಬೇಗ ತೂಕ ಇಳಿಸಿದರೂ ಇದೇ ಅಪಾಯ, ಆದರೆ ಅಲ್ಲಿ ಎಲ್ಲರೂ ಶಭಾಷ್ ಅನ್ನುತ್ತಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಅಂತಲೇ ವಿಭಾಗ ಇದೆ. ಅಷ್ಟು ದೂರ ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಪ್ಪ ಅಮ್ಮನೇ ಕಾರಣ ಅಂತ ಯಾರಾದರೂ ಬೈದರೆ ಕಿವಿಗೆ ಹಾಕಿಕೊಳ್ಳಬೇಡಿ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ಸುಮಾರಿಗೆ ಶುರುವಾದ ಒಂದು ಚಿಕಿತ್ಸೆ ಇದೆ, ಊಟ ಬಿಟ್ಟ ಮಕ್ಕಳಿಗೆ ಈಗ ಬಹಳ ಕಡೆ ಅದನ್ನೇ ಮೊದಲು ಮಾಡುತ್ತಾರೆ. ಅದರಲ್ಲಿ ಮನೆಯವರೇ ಮುಖ್ಯ. ಊಟದ ಜವಾಬ್ದಾರಿಯನ್ನು ಸ್ವಲ್ಪ ಕಾಲ ಅಪ್ಪ ಅಮ್ಮ ತೆಗೆದುಕೊಳ್ಳುತ್ತಾರೆ, ಹೊತ್ತು ಹೊತ್ತಿಗೆ ಬಡಿಸಿ, ಜೊತೆಗೆ ಕೂತು, ಬೈಯದೆ, ಬೇಡಿಕೊಳ್ಳದೆ, ತಿಂದು ಮುಗಿಸುವವರೆಗೆ ಇರುತ್ತಾರೆ. ಕೇಳುವುದಕ್ಕೆ ಸುಲಭ. ಒಂದೊಂದು ಊಟಕ್ಕೂ ಒಂದು ಗಂಟೆ, ಕಣ್ಣೀರು, ತಟ್ಟೆ ತಳ್ಳುವುದು ಎಲ್ಲಾ ಇರುತ್ತದೆ. ಥ್ರೋಬಾಲ್ ಹುಡುಗಿಯ ಅಮ್ಮ ಕೆಲಸಕ್ಕೆ ರಜ ಹಾಕಿ, ಡಾಕ್ಟರು ಹೇಳಿದ ಹಾಗೆ ಇದನ್ನು ಮಾಡಿದರು. ಈಗ ಮಗಳು ಮಧ್ಯಾಹ್ನ ಪೂರ್ತಿ ಡಬ್ಬಿ ತಿನ್ನುವುದಿಲ್ಲ, ಮುಕ್ಕಾಲು ತಿನ್ನುತ್ತಾಳೆ. ಕಡಲೆಬೀಜ ಇನ್ನೂ ಮೂಲೆಯಲ್ಲೇ ಉಳಿಯುತ್ತದೆ. ಅವಳ ಡಾಕ್ಟರಿಗೆ ಆತುರ ಇಲ್ಲ, ನಮಗೂ ಇಲ್ಲ.

ಶಾಲೆಯಲ್ಲಿ ಈ ಸಲ ತೂಕದ ಮೆಷಿನ್ನು ಸ್ಟಾಫ್ ರೂಮಿನ ಒಳಗೆ ಹೋಯಿತು. ಒಬ್ಬೊಬ್ಬರೇ ಬರುತ್ತಾರೆ, ಬರೆದುಕೊಳ್ಳುತ್ತೇವೆ, ಕೂಗುವುದಿಲ್ಲ, ಬೇರೆಯವರದ್ದು ಎಷ್ಟು ಅಂತ ಕೇಳಿದರೆ ಹೇಳುವುದಿಲ್ಲ. ಆ 2400, 3320ರ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದಾಗ ಹುಡುಗರು ಚಪ್ಪಾಳೆ ಹೊಡೆದರು. ಹುಡುಗಿಯರು ಎರಡೆರಡು ಸಲ ಕೇಳಿದರು, ನಿಜವಾಗ್ಲೂ ಅಮ್ಮನಿಗಿಂತ ಜಾಸ್ತಿನಾ ಮಿಸ್ ಅಂತ. ಪೋಷಕರ ಸಭೆಯಲ್ಲೂ ಅದನ್ನೇ ಬರೆದೆ. ನೆಂಟರ ಬಾಯಿ ಮುಚ್ಚಿಸುವುದು ಹೇಗೆ ಮೇಡಂ, ಅದೂ ಗಂಡನ ಕಡೆಯವರು ಅಂದರೆ ಅಂತ ಒಬ್ಬ ಅಮ್ಮ ಕೇಳಿದರು. ನನಗೆ ಉತ್ತರ ಹೊಳೆಯುವ ಮುಂಚೆ ಹಿಂದೆ ಕೂತಿದ್ದ ಇನ್ನೊಬ್ಬರು ಎದ್ದು ನಿಂತು ತಾವು ಏನು ಮಾಡ್ತೀವಿ ಅಂತ ಹೇಳಿದರು. ಅವರ ನಾದಿನಿ ಪಂಕ್ತಿಯಲ್ಲಿ ಮಗಳನ್ನು ನೋಡಿ "ದಪ್ಪ ಆಗಿದಾಳಲ್ಲ ಅತ್ತಿಗೆ" ಅಂದರಂತೆ. ಇವರು ಮಗಳ ಎಲೆ ತೋರಿಸಿ "ಬೆಳೀತಿದಾಳೆ, ಇನ್ನೊಂದು ಸೌಟು ಹುಳಿ ಹಾಕು ಅವಳಿಗೆ" ಅಂದರಂತೆ. ನಾದಿನಿ ಹಾಕಿದರು, ಮಗಳು ತಿಂದಳು.